1915ಕ್ಕೆ ಫೋನ್ ಮಾಡಿದ್ರೆ ಕೇಸ್ ಹಾಕಿದಂಗಾ?

ದೊಡ್ಡಮಾವ (ಫಾರ್ವರ್ಡ್): ಹಾಳಾದ ಫ್ರಿಜ್ಜಿಗೆ ಪರಿಹಾರ ಬೇಕೇ? 1915ಕ್ಕೆ ಕರೆ ಮಾಡಿ. ಗ್ರಾಹಕ ಕೋರ್ಟಿನಲ್ಲಿ ಕೇಸ್ ದಾಖಲು, 21 ದಿನದಲ್ಲಿ ತೀರ್ಪು! ಎಲ್ಲರಿಗೂ ಕಳಿಸಿ 🙏

ಅತ್ತಿಗೆ: ಮಾವ, ಇದರಲ್ಲಿ ನಂಬರ್ ಒಂದೇ ನಿಜ. 1915 ಸಹಾಯವಾಣಿ. ದೂರನ್ನ ಕಂಪನಿಗೆ ದಾಟಿಸ್ತಾರೆ, ರಾಜಿಯಾದ್ರೆ ಆಯ್ತು. ಆದೇಶ ಕೊಡೋ ಅಧಿಕಾರ ಇಲ್ಲ. ಕೇಸ್ ಹಾಕೋದು ಇ-ಜಾಗೃತಿ ಪೋರ್ಟಲ್‌ನಲ್ಲಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ (ಗ್ರಾಹಕ ಕೋರ್ಟ್ ಅಂದ್ರೆ ಇದೇ).

ದೊಡ್ಡಮಾವ: 21 ದಿನ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲೇ ಇದೆಯಮ್ಮ.

ಅತ್ತಿಗೆ: ಇದೆ, ಸೆಕ್ಷನ್ 36. ದೂರು ಅಂಗೀಕರಿಸಬೇಕೋ ಬೇಡವೋ ಅನ್ನೋದಕ್ಕೆ ಅದು. ತೀರ್ಪಿಗೆ, ಎದುರುದಾರರಿಗೆ ನೋಟಿಸ್ ಮುಟ್ಟಿದ ಮೇಲೆ 3 ತಿಂಗಳು, ವಸ್ತು ಪರೀಕ್ಷೆಗೆ ಹೋದ್ರೆ 5. ಅದೂ ಕಾಗದದ ಮೇಲೆ 😄

ಸಣ್ಣಮಾವ: ಆದ್ರೂ ಮೊದಲು 1915 ಅಲ್ವಾ? ಪುಕ್ಕಟೆ.

ಅತ್ತಿಗೆ: ಮಾಡಿ. ಆದ್ರೆ ಡಾಕೆಟ್ ನಂಬರ್ (ಸಹಾಯವಾಣಿ ಕೊಡೋ ದೂರಿನ ಸಂಖ್ಯೆ) ಸಿಕ್ತು ಅಂತ ಕೂತ್ರೆ, ಕೇಸ್ ಹಾಕೋಕಿರೋ 2 ವರ್ಷದ ಗಡುವು ನಿಮಗೋಸ್ಕರ ನಿಲ್ಲಲ್ಲ. ದಾಟಿದ್ರೆ ವಿಳಂಬ ಮನ್ನಾ ಅರ್ಜಿ ಹಾಕಿ ಕಾರಣ ಒಪ್ಪಿಸಬೇಕು. ಪುಕ್ಕಟೆ ಅಂತೀರಾ, 5 ಲಕ್ಷದೊಳಗಿನ ಖರೀದಿಗೆ ಆಯೋಗದ ಶುಲ್ಕವೂ ಸೊನ್ನೆ.

ಸಣ್ಣಮಾವ: 30 ಸಾವಿರದ ಫ್ರಿಜ್ಜಿಗೆ 60 ಲಕ್ಷ ಪರಿಹಾರ ಕೇಳಿದ್ರೆ ರಾಜ್ಯ ಆಯೋಗ ತಾನೇ?

ಅತ್ತಿಗೆ: ಅದು ಹಳೇ ಕಾಯ್ದೆ ಲೆಕ್ಕ. ಈಗ ಕೊಟ್ಟ ಬೆಲೆ ಮಾತ್ರ ನೋಡ್ತಾರೆ, 50 ಲಕ್ಷದವರೆಗೂ ಜಿಲ್ಲೆಯೇ. ಕಂಪನಿ ದೆಹಲೀಲಿದ್ರೂ ನೀವಿರೋ ಜಿಲ್ಲೇಲೇ ಹಾಕಬಹುದು.

ಭಾವ: ಹಾಕಿದ ದೂರು ವಾಪಸ್ ಬರೋದು ಚಿಲ್ಲರೆ ತಪ್ಪಿಗೆ. ಅಫಿಡವಿಟ್‌ಗೆ ನೋಟರಿ ಸೀಲ್ ಇಲ್ಲ, ಸ್ಕ್ಯಾನ್ ಮಸುಕು, ಪುಟ ಸಂಖ್ಯೆ ಇಲ್ಲ. ಎದುರುದಾರರ ವಿಳಾಸದ ಜಾಗದಲ್ಲಿ ಬರೀ ವೆಬ್‌ಸೈಟ್! ನೋಟಿಸ್ ಯಾರಿಗೆ ಕಳಿಸ್ತಾರೆ? ಬಿಲ್‌ನಲ್ಲಿರೋ ಮಾರಾಟಗಾರರ ಹೆಸರು-ವಿಳಾಸ, ತಯಾರಕರ ನೋಂದಾಯಿತ ಕಚೇರಿ, ಎರಡೂ ಹಾಕಿ. ವಾಟ್ಸಾಪ್ ಸ್ಕ್ರೀನ್‌ಶಾಟ್ ಲಗತ್ತಿಸಿದ್ರೆ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದದ್ದು) ಜೊತೆಗಿರಲಿ.

ಚಿಕ್ಕಮ್ಮ: ಬಿಲ್ ಅಂಗಡಿ ಹೆಸರಲ್ಲಿದ್ರೆ?

ಭಾವ: ಆಗ ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡಿದ್ದು, ನೀವು ಗ್ರಾಹಕರೇ ಅಲ್ಲ ಅಂತ ತಕರಾರು ತೆಗೀತಾರೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡಿದ್ರೆ ವಿನಾಯಿತಿ ಇದೆ, ಆದ್ರೆ ಅದನ್ನ ದೂರಿನಲ್ಲೇ ಬರೆದಿರಬೇಕು.

ದೊಡ್ಡಮಾವ: ಸರಿಯಪ್ಪ. ಆ 2 ವರ್ಷ ಬಿಲ್ ತಾರೀಖಿನಿಂದಲೇ?

ಭಾವ: ವ್ಯಾಜ್ಯಕಾರಣ, ಅಂದ್ರೆ ಕೇಸ್ ಹಾಕೋಕೆ ಕಾರಣವಾದ ಘಟನೆ, ಹುಟ್ಟಿದ ದಿನದಿಂದ. ಕೆಟ್ಟಿದ್ದು ಯಾವತ್ತು, ವಾರಂಟಿ ಇದ್ರೂ ರಿಪೇರಿ ಆಗಲ್ಲ ಅಂತ ಇಮೇಲ್ ಬಂದದ್ದು ಯಾವತ್ತು, ತಾರೀಖು ಸಮೇತ ಪಟ್ಟಿ ಮಾಡಿ. ‘ಹೋದ ವರ್ಷ ಮಳೆಗಾಲದಲ್ಲಿ’ ಅಂತ ಬರೀಬೇಡಿ.