ಸಹಾಯ ಬೇಕು: ಕೊಡಚಾದ್ರಿ ಒಂದೇ ದಿನದಲ್ಲಿ ನಡೆದು ಹತ್ತಿ ಇಳಿಯಬಹುದಾ?

ಎಲ್ಲರಿಗೂ ನಮಸ್ಕಾರ. ದೀಪಾವಳಿ ಕಳೆದ ಮೇಲೆ ಶಿವಮೊಗ್ಗದಿಂದ ನಾವು ನಾಲ್ಕು ಜನ ಕೊಡಚಾದ್ರಿಗೆ ಹೊರಟಿದ್ದೇವೆ. ಜೀಪು ಬೇಡ, ನಡೆದೇ ಹತ್ತಬೇಕು ಅಂತ ಆಸೆ. ಜೀಪಿನಲ್ಲಿ ಕುಲುಕಿಸಿಕೊಂಡು ಹೋಗುವುದಕ್ಕಿಂತ ಕಾಲು ನೋಯುವುದೇ ವಾಸಿ ಅಲ್ವಾ?

ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿ ಹಿಡಿಯುವ ಯೋಚನೆ ಇದೆ. ಜೊತೆಗೆ ನಮ್ಮತ್ತೆ ಬರುತ್ತಾರೆ, ವಯಸ್ಸು ಐವತ್ತೈದು ದಾಟಿದೆ. ದಿನಾ ಅಡಿಕೆ ತೋಟ ಸುತ್ತುವವರು, ದಮ್ಮಿನ ಚಿಂತೆ ಇಲ್ಲ (ನಮ್ಮದೇ ಡೌಟು). ಆದರೆ ಪಾಚಿ ಕಟ್ಟಿದ ಬಂಡೆ ಅಂದರೆ ಹೆದರುತ್ತಾರೆ. ಮಳೆ ನಿಂತ ಮೇಲೂ ಜಲಪಾತದ ಪಕ್ಕ ಜಾರಿಕೆ ಜಾಸ್ತಿ ಇರುತ್ತದಾ? ಹಾಗಿದ್ದರೆ ಸುಮ್ನೆ ಜೀಪಿನ ರಸ್ತೆಯಲ್ಲೇ ನಡೆಯುತ್ತೇವೆ.

ತುದಿ 1343 ಮೀಟರ್. ಸರ್ವಜ್ಞ ಪೀಠ ನೋಡಿ ಬೆಳಕಿರುವಾಗಲೇ ಕೆಳಗಿಳಿಯಬೇಕು. ಬೆಳಿಗ್ಗೆ ಎಷ್ಟು ಗಂಟೆಗೆ ಹತ್ತಲು ಶುರು ಮಾಡಬೇಕು? ಅಭಯಾರಣ್ಯದ ಕಾಡಲ್ವಾ, ಅನುಮತಿ ಚೀಟಿ ಎಲ್ಲಿ ಕೊಡುತ್ತಾರೆ? ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರ ಊಟ ಸಿಗುತ್ತದಾ, ಇಲ್ಲ ಬುತ್ತಿ ಕಟ್ಟಿಕೊಳ್ಳಬೇಕಾ?

ಉಂಬಳಕ್ಕೆ (ಜಿಗಣೆ) ಸುಣ್ಣ, ಉಪ್ಪು ರೆಡಿ ಇದೆ. ಇತ್ತೀಚೆಗೆ ನಡೆದು ಹೋಗಿ ಬಂದವರು ದಯವಿಟ್ಟು ತಿಳಿಸಿ.