"ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಮೇಲ್ ನಂಬಿ ಹಣ ಹೋಯ್ತು, ನೀವು ಏನು ಮಾಡಿದಿರಿ?

ಕೇಳಿದವರು: ಸಪ್ಲೈಯರ್ ಹೆಸರಲ್ಲಿ ಬಂದ ಮೇಲ್ ನಂಬಿ ದೊಡ್ಡ ಬಿಲ್ಲಿನ ಹಣ ವಂಚಕರ ಖಾತೆಗೆ ಕಟ್ಟಿದ್ದೇವೆ. ಆಫೀಸಲ್ಲಿ ನಾಲ್ಕೇ ಜನ. ಅಕೌಂಟೆಂಟನ್ನು ಅನುಮಾನಿಸಬೇಕೋ, ಪದ್ಧತಿ ಬದಲಿಸಬೇಕೋ? ಅನುಭವ ಇದ್ದವರು ಹೇಳಿ.

ಪೇಮೆಂಟ್ ನೋಡುವವರು: ಬ್ಯಾಂಕಿಗೆ ತಿಳಿಸಿದ್ದೀರಿ ಅಂದುಕೊಳ್ಳುತ್ತೇನೆ. ಆ ಮೇಲನ್ನು ಫಾರ್ವರ್ಡ್ ಮಾಡಬೇಡಿ, ಮೇಲ್ ನಿಜಕ್ಕೂ ಎಲ್ಲಿಂದ ಬಂತು ಅಂತ ತೋರಿಸುವ ಮೂಲ ಹೆಡರ್ ಕಳೆದುಹೋಗುತ್ತೆ. ಫೈಲಾಗಿಯೇ ಸೇವ್ ಮಾಡಿ. ವಿಳಾಸ ಅಕ್ಷರಕ್ಷರ ಓದಿ. ಇಂಗ್ಲಿಷಿನ ಆರ್, ಎನ್ ಸಣ್ಣಕ್ಷರಗಳು ಅಂಟಿ ಕೂತರೆ ಥೇಟ್ ಎಮ್, ಹತ್ತು ಸಲ ನೋಡಿದರೂ ಗೊತ್ತಾಗಲ್ಲ. ವಿಳಾಸ ಸರಿಯಾಗೇ ಇದ್ದರೆ ಇನ್ನೂ ಕೆಟ್ಟದ್ದು, ಯಾರದೋ ಮೇಲ್‌ಬಾಕ್ಸಿನ ಒಳಗೇ ಕಳ್ಳ ಕೂತಿರಬಹುದು. ಆಗ ಪಾಸ್‌ವರ್ಡ್ ಬದಲಿಸಿದರೆ ಸಾಲದು. "ಇನ್‌ವಾಯ್ಸ್" ಅಂತ ಇರುವ ಮೇಲ್‌ಗಳೆಲ್ಲ ಯಾರೂ ತೆರೆಯದ ಫೋಲ್ಡರಿಗೆ ಹೋಗುವ ಹಾಗೆ ರೂಲ್ ಇಟ್ಟಿರುತ್ತಾರೆ, ಅದನ್ನು ಹುಡುಕಿ ಅಳಿಸಿ. ಎಲ್ಲ ಕಡೆಯಿಂದಲೂ ಲಾಗ್‌ಔಟ್ ಮಾಡಿಸಿ.

ಖಾತೆ ಬದಲಾವಣೆ ಅಂದರೆ ಹಳೆಯ ಕಡತದಲ್ಲಿರುವ ನಂಬರಿಗೇ ಫೋನ್. ಮೇಲಲ್ಲಿ ಕೊಟ್ಟ ನಂಬರಿಗೆ ಮಾಡಿದರೆ "ಹೌದು, ಬದಲಾಗಿದೆ" ಅನ್ನುವವನೂ ಅವನೇ. ಗೂಗಲ್, ಫೇಸ್‌ಬುಕ್‌ನಂಥವೇ 2013–15ರಲ್ಲಿ ಸಪ್ಲೈಯರ್ ಹೆಸರಿನ ಸುಳ್ಳು ಬಿಲ್ಲುಗಳಿಗೆ 10 ಕೋಟಿ ಡಾಲರಿಗೂ ಹೆಚ್ಚು ಕಟ್ಟಿಬಿಟ್ಟವು.

ಆಡಿಟ್ ಕಡೆಯವರು: ಮೇಲಿನ ಪುರಾಣ ಎಲ್ಲ ಹೊರಗಿನ ಕಳ್ಳನದ್ದು. ಒಳಗೆ? ಸಪ್ಲೈಯರ್‌ಗಳ ಖಾತೆ ನಂಬರನ್ನು ಸಂಬಳದ ಖಾತೆಗಳ ಜೊತೆ ತಾಳೆ ನೋಡಿ. ಮಂಜೂರಾತಿ ಮಿತಿಗಿಂತ ಒಂಚೂರೇ ಕಡಿಮೆ ಇರುವ ಬಿಲ್ಲುಗಳನ್ನು ಬೇರೆ ತೆಗೆದಿಡಿ. ಒಬ್ಬ ಸಪ್ಲೈಯರ್‌ನ ಬಿಲ್ ನಂಬರ್ ತಿಂಗಳಾನುಗಟ್ಟಲೆ 41, 42, 43 ಅಂತಲೇ ಬರುತ್ತಿದ್ದರೆ ಅವನಿಗೆ ನಿಮ್ಮನ್ನು ಬಿಟ್ಟು ಬೇರೆ ಗಿರಾಕಿಯೇ ಇಲ್ಲದಿರಬಹುದು, ನಕಲಿ ಸಪ್ಲೈಯರ್ ಇರಬಹುದು. ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕ್ 1995ರಲ್ಲಿ ಮುಳುಗಿದ್ದೇ ವ್ಯವಹಾರ ಮಾಡುವವನ ಕೈಗೇ ಅದರ ಲೆಕ್ಕವನ್ನೂ ಕೊಟ್ಟಿದ್ದಕ್ಕೆ. ಕೊನೆಗೆ ಅದು ಮಾರಾಟವಾದದ್ದು 1 ಪೌಂಡಿಗೆ.

ಅಕೌಂಟೆಂಟ್: ನಾಲ್ಕು ಜನರ ಆಫೀಸಿಗೆ ಬೇರಿಂಗ್ಸ್ ಕತೆ ಯಾಕ್ರೀ? ಎಂಟ್ರಿ, ಪೇಮೆಂಟ್, ತಾಳೆ, ಮೂರನ್ನೂ ಒಬ್ಬರ ತಲೆಗೇ ಕಟ್ಟುವುದು ಯಜಮಾನರು. ಹಣ ಹೋದ ದಿನ ಕಳ್ಳರು ಮಾತ್ರ ನಾವು!

ಆಡಿಟ್ ಕಡೆಯವರು: ಕಳ್ಳ ಅಂತ ನಾನೆಲ್ಲಿ ಅಂದೆ? ಜನ ಕಡಿಮೆ ಇದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ನೇರ ಯಜಮಾನರಿಗೇ ಬರಲಿ, ತಾಳೆ ಅವರೇ ನೋಡಲಿ. ಅಕೌಂಟೆಂಟ್ ವರ್ಷಕ್ಕೊಮ್ಮೆ ಎರಡು ವಾರ ಪೂರ್ತಿ ರಜೆ ಹೋಗಲಿ, ಆ ಕೆಲಸ ಇನ್ನೊಬ್ಬರು ಮಾಡಲಿ. ನಿನ್ನೆಯ ಗಿರಾಕಿ ಕಟ್ಟಿದ್ದನ್ನು ಜೇಬಿಗಿಳಿಸಿ, ಇವತ್ತು ಬಂದ ಹಣದಲ್ಲಿ ಅವನ ಖಾತೆ ತುಂಬಿಸುವ ಆಟ ದಿನಾ ಕೈಯಾಡಿಸದೆ ನಡೆಯಲ್ಲ, ರಜೆಯಲ್ಲೇ ಬಯಲಾಗುತ್ತೆ.

ಅಕೌಂಟೆಂಟ್: ರಜೆ ಕೊಟ್ಟರೆ ಬೇಡ ಅಂದವರು ಯಾರು? ಕೊಡುವುದೇ ಇಲ್ಲವಲ್ಲ!

ಸಣ್ಣ ಸಪ್ಲೈಯರ್: ನಮ್ಮ ಪಾಡು ಯಾರಿಗೂ ಬೇಡ. ಮಾಲು ಕೊಟ್ಟಿದ್ದೇವೆ, ಹಣ ಬಂದಿಲ್ಲ. "ನಾವು ಆಗಲೇ ಕಟ್ಟಿದ್ದೇವೆ" ಅಂತ ಕೈಯೆತ್ತಿದರೆ ನಮ್ಮ ಕೂಲಿಯವರಿಗೆ ಕೊಡುವವರು ಯಾರು? ಒಬ್ಬರ ಪೇಮೆಂಟ್ ನಿಂತರೆ ನಮಗೆ ಮಾಲು ಕೊಡುವ ಇನ್ನಿಬ್ಬರದೂ ನಿಲ್ಲುತ್ತೆ.

ಪೇಮೆಂಟ್ ನೋಡುವವರು: ಮೇಲ್ ಹೋದದ್ದು ನಿಮ್ಮ ಮೇಲ್‌ಬಾಕ್ಸಿಂದಲೇ ಆಗಿದ್ದರೆ? ಎರಡು ಸಲ ಕಟ್ಟಬೇಕಾ?

ಸಣ್ಣ ಸಪ್ಲೈಯರ್: ಹಾಗಾದರೆ ಆ ಹೆಡರ್ ಫೈಲ್ ನಮಗೂ ಕಳಿಸಿ, ಎರಡೂ ಕಡೆಯವರು ಕೂತು ನೋಡೋಣ. ಫೋನ್ ಕೂಡ ಎತ್ತದೆ ತಿಂಗಳುಗಟ್ಟಲೆ ಕಾಯಿಸಬೇಡಿ.