ಪ್ರಿನ್ಸ್ ಯಾವತ್ತು ಪ್ರಿನ್ಸ್ ಆಗಿದ್ದ?

ಹಾಂ ಚಿನ್ಮಯ್, ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಉದ್ದ ಆಗುತ್ತೆ. ಗೇಮ್ ಗೀಮ್ ಬೇಡ ಅನ್ನೋರು ಕೇಳ್ಬೇಡಿ, ಆಮೇಲೆ ನನ್ನ ಬೈಬೇಡಿ.

ನೀನು ಕೇಳಿದ್ದು, ‘ಅತ್ತೆ, ಪ್ರಿನ್ಸ್ ಆಫ್ ಪರ್ಷಿಯಾ ದಿ ಲಾಸ್ಟ್ ಕ್ರೌನ್ ಸೇಲಲ್ಲಿ ಬಂದಿದೆ, ತಗೊಳ್ಳಲಾ? ಹೀರೋ ಪ್ರಿನ್ಸೇ ಅಲ್ವಂತೆ, ಅದೂ ಸೈಡಿಂದ ಕಾಣೋ 2ಡಿ ಅಂತೆ’ ಅಂತ. ಅದರ ಕೆಳಗೆ ನಿಮ್ಮಪ್ಪ ಹಾಕಿದಾನೆ, ‘ಪ್ರಿನ್ಸೇ ಇಲ್ದಿದ್ರೆ ಅದ್ಯಾವ ಪ್ರಿನ್ಸು, ಹಳೇ ಹೆಸರು ಇಟ್ಕೊಂಡು ದುಡ್ಡು ಮಾಡ್ತಿದಾರೆ’ ಅಂತ. ಮೊದಲು ಅಣ್ಣಂಗೆ ಉತ್ತರ ಕೊಡ್ತೀನಿ.

ಅಣ್ಣಾ, ಕಂಪ್ಯೂಟರ್ ಕ್ಲಾಸಲ್ಲಿ ಸರ್ ಆಚೆ ಹೋದ ತಕ್ಷಣ ನೀನು ಹಾಕ್ತಿದ್ದ ಆ ಮೊದಲ ಪ್ರಿನ್ಸ್ ಆಫ್ ಪರ್ಷಿಯಾ, ಹಳೇ ಡಾಸ್ ಕಂಪ್ಯೂಟರಿನ ಗೇಮಿತ್ತಲ್ಲ, ಬಿಳಿ ಪೈಜಾಮ ಹಾಕ್ಕೊಂಡು ಬರಿಗಾಲಲ್ಲಿ ಓಡೋನು, ಅವನು ರಾಜಕುಮಾರನಾ? ಅಲ್ಲಪ್ಪ! ಅವನು ಯಾರೋ ಊರೂರು ತಿರುಗೋ ಹುಡುಗ. ರಾಜಕುಮಾರಿ ಅವನನ್ನ ಇಷ್ಟಪಟ್ಟಳು, ಮಂತ್ರಿ ಜಾಫರ್ ಹಿಡಿದು ನೆಲಮಾಳಿಗೆಗೆ ಹಾಕ್ಸಿದ. ಅವನಿಗೊಂದು ಹೆಸರು ಕೂಡ ಇರ್ಲಿಲ್ಲ. 2008ರಲ್ಲಿ ಬಂತಲ್ಲ ಒಂದು, ಅದರಲ್ಲಿರೋನೂ ರಾಜನ ಮಗ ಅಲ್ಲ, ಕಳೆದುಹೋದ ಕತ್ತೆ ಹುಡುಕ್ಕೊಂಡು ಬಂದೋನು. ಸರಿಯಾಗಿ ಅರಮನೇಲಿ ಹುಟ್ಟಿದೋನು ಅಂದ್ರೆ 2003ರ ಸ್ಯಾಂಡ್ಸ್ ಆಫ್ ಟೈಮ್‌ನವನು. ನಮ್ಮ ಕಾಲದವರೆಲ್ಲ ಅವನನ್ನೇ ತಲೇಲಿ ಇಟ್ಕೊಂಡು ಬೇರೆಯವರನ್ನ ಅಳೀತಾರೆ. ಹಾಗಾಗಿ ಈ ಲಾಸ್ಟ್ ಕ್ರೌನ್‌ನ ಹೀರೋ ಸಾರ್ಗಾನ್ ಪ್ರಿನ್ಸ್ ಅಲ್ಲ ಅನ್ನೋದು ನನ್ನ ಮಟ್ಟಿಗೆ ದೂರೇ ಅಲ್ಲ. ಕಥೇಲಿ ಘಸ್ಸಾನ್ ಅಂತ ಒಬ್ಬ ನಿಜವಾದ ಯುವರಾಜ ಇದಾನೆ, ಅವನನ್ನ ಎತ್ಕೊಂಡು ಹೋಗ್ತಾರೆ, ಇಮ್ಮಾರ್ಟಲ್ಸ್ ಅನ್ನೋ ಏಳು ಜನ ಯೋಧರು ಹುಡುಕ್ಕೊಂಡು ಕಾಫ್ ಬೆಟ್ಟಕ್ಕೆ ಬರ್ತಾರೆ. ಅವರಲ್ಲಿ ಚಿಕ್ಕೋನು ಸಾರ್ಗಾನ್. ಕಥೆ ಇಷ್ಟು ಸಾಕು, ಮುಂದಿಂದು ಹೇಳಿದ್ರೆ ಕೆಟ್ಟೋಗುತ್ತೆ.

2023ರ ಜೂನಲ್ಲಿ ಮೊದಲ ಟ್ರೈಲರ್ ಬಂದಾಗ ಎಲ್ರೂ ಉಗಿದ್ರು. ಹೀರೋಗೆ ಪಕ್ಕ ಬೋಳಿಸಿದ ಜಡೆ ಕೂದಲು, ಹಿಂದೆ ರ‍್ಯಾಪ್ ಹಾಡು. ಆ ಹಾಡು ಅಲ್ಲಿ ಯಾಕಿತ್ತೋ ನನಗಿವತ್ತಿಗೂ ಗೊತ್ತಿಲ್ಲ, ಗೇಮಿಗೂ ಅದಕ್ಕೂ ಸಂಬಂಧಾನೇ ಇಲ್ಲ. 2024ರ ಜನವರೀಲಿ ಗೇಮ್ ಬಂದಾಗ ಒಳಗಿದ್ದ ಸಂಗೀತವೇ ಬೇರೆ. ಗ್ಯಾರೆತ್ ಕೋಕರ್ ಜೊತೆ ಇರಾನ್ ಮೂಲದ ಮೆಂಟ್ರಿಕ್ಸ್ ಅನ್ನೋ ಕಲಾವಿದೆ ಮಾಡಿದಾರೆ. ಇನ್ನೊಂದು, ಚಿನ್ಮಯ್, ಸೆಟ್ಟಿಂಗ್ಸಿಗೆ ಹೋಗಿ ಮಾತಿನ ಭಾಷೆ ಫಾರ್ಸಿ ಮಾಡ್ಕೋ. ಈ ಸರಣೀಲಿ ಫಾರ್ಸಿ ಮಾತು ಬಂದಿರೋದು ಇದೇ ಮೊದಲು. ಹೆಸರಲ್ಲಿ ಪರ್ಷಿಯಾ ಇಟ್ಕೊಂಡು ಮೂವತ್ತು ವರ್ಷ ಇಂಗ್ಲಿಷಲ್ಲೇ ಮಾತಾಡಿಸಿದ್ರು ನೋಡು! ಕೆಳಗೆ ಅಕ್ಷರ ಬರುತ್ತೆ, ಕಷ್ಟ ಏನಿಲ್ಲ. ನಾನಂತೂ ಒಂದು ಸಲ ಹಾಕಿದ್ಮೇಲೆ ಇಂಗ್ಲಿಷಿಗೆ ಹೋಗಲೇ ಇಲ್ಲ.

ಒಂದ್ನಿಮಿಷ ಇರಿ... ಏನಿಲ್ಲ, ಕೊರಿಯರ್‌ನವನು, ಪಕ್ಕದ ಮನೇದು.

ಎಲ್ಲಿದ್ದೆ? ಹಾಂ. ನನಗೆ ಈ ಸರಣಿ ಅಂದ್ರೆ ಎರಡೇ ವಿಷಯ. ಒಂದು ಕಾಲ, ಇನ್ನೊಂದು ಮೈ. ಮೈ ಅಂದ್ರೆ, ಜಾರ್ಡನ್ ಮೆಕ್ನರ್ ಆ ಮೊದಲ ಗೇಮ್ ಮಾಡೋವಾಗ ತನ್ನ ತಮ್ಮನ್ನ ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಫ್ರೇಮ್ ನೋಡ್ಕೊಂಡು ಚಿತ್ರ ಬಿಡಿಸಿದ್ದು. ಅಪ್ಪನ ಕೈಲಿ ಸಂಗೀತ ಮಾಡ್ಸಿದ್ದ. ಮನೆಮಂದಿಯೆಲ್ಲ ಸೇರಿ ಮಾಡಿದ ಗೇಮ್ ಅದು. 1989ರಲ್ಲಿ ಆಪಲ್ ಟೂ ಕಂಪ್ಯೂಟರಿಗೆ ಬಂತು, ನಾವು ಆಡಿದ್ದು ಆಮೇಲೆ ಡಾಸಿಗೆ ಬಂದಿದ್ದು. ಅದಕ್ಕೇ ಆ ಹುಡುಗ ಓಡಿದ್ರೆ ಕೀ ಬಿಟ್ಟ ತಕ್ಷಣ ನಿಲ್ತಿರ್ಲಿಲ್ಲ, ಜಾರ್ಕೊಂಡು ಎರಡು ಹೆಜ್ಜೆ ಹೋಗೇ ನಿಲ್ಲೋನು. ಅಂಚಲ್ಲಿ ಶಿಫ್ಟ್ ಒತ್ತಿ ಮೆಲ್ಲಗೆ ಒಂದೊಂದು ಹೆಜ್ಜೆ ಇಡಬೇಕು, ಇಲ್ದಿದ್ರೆ ಕೆಳಗೆ ಮುಳ್ಳು. ಅಣ್ಣಂಗೆ ಆ ತಾಳ್ಮೆ ಎಲ್ಲಿತ್ತು! ಗೇಮ್ ಹೆಸರಿನ ಮುಂದೆ ಮೆಗಾಹಿಟ್ ಅಂತ ಟೈಪ್ ಮಾಡಿ ಲೆವೆಲ್ ಹಾರಿಸ್ಕೊಂಡು ಹೋಗೋನು. ಚಿನ್ಮಯ್, ಕೇಳು ನಿಮ್ಮಪ್ಪನ್ನ.

ಆ ಭಾರ ಸಾರ್ಗಾನ್‌ಗಿಲ್ಲ, ಇದೇ ನನ್ನ ದೊಡ್ಡ ತಕರಾರು. ಅವನು ಗಾಳೀಲಿ ಹತ್ತಿ ಹಾರಿದ ಹಾಗೆ ಇರ್ತಾನೆ. ನೆಲಕ್ಕೆ ಬಿದ್ರೆ ಮೊಣಕಾಲು ನೋಯೋ ಹಂಗಿಲ್ಲ. ಮಾಡಿದೋರು ಫ್ರಾನ್ಸಿನ ಮಾಂಪೆಲ್ಯೆ ಸ್ಟುಡಿಯೋದವರು, ರೇಮನ್ ಗೇಮುಗಳನ್ನ ಮಾಡಿದ ಅದೇ ಸ್ಟುಡಿಯೋ. ಅವರ ಕೈಗೆ ಬಂದದ್ದು ಆ ಕುಣಿತ. ಆಡೋಕೆ ಮಜಾ ಇದೆ, ಸುಳ್ಳು ಹೇಳಲ್ಲ, ಆದ್ರೆ ಆ ಹಳೇ ಎದೆ ಢವಢವ ಇಲ್ಲ. ಜಗಳದಲ್ಲಿ ಮಾತ್ರ ಬರುತ್ತೆ. ಎದುರಾಳಿ ಹಳದಿ ಮಿಂಚಿದ್ರೆ ಸರಿಯಾದ ಕ್ಷಣಕ್ಕೆ ತಡೀಬೇಕು, ತಡೆದ್ರೆ ಅವನ ಕಥೆ ಮುಗೀತು. ಕೆಂಪು ಮಿಂಚಿದ್ರೆ ತಡೆಯೋಕೆ ಹೋಗ್ಬೇಡ, ಓಡು.

ಇನ್ನು ಕಾಲ. ಮೊದಲನೇದ್ರಲ್ಲಿ 60 ನಿಮಿಷ ಗಡಿಯಾರ, ಅಷ್ಟರಲ್ಲಿ ರಾಜಕುಮಾರಿ ಹತ್ರ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಮುಗೀತು. ಸತ್ರೆ ಲೆವೆಲ್ ಶುರುವಿಂದ, ಗಡಿಯಾರ ಮಾತ್ರ ನಿಲ್ಲಲ್ಲ. 2003ರಲ್ಲಿ ಕೈಗೆ ಕಠಾರಿ ಕೊಟ್ರು, ಬಿದ್ರೆ ಕಾಲ ಹಿಂದಕ್ಕೆ ತಿರುಗಿಸ್ಕೋ ಅಂತ. ಈ ಹೊಸದ್ರಲ್ಲಿ ಬೆಟ್ಟಕ್ಕೇ ಕಾಲ ಕೆಟ್ಟಿದೆ. ಒಂದೊಂದು ಜಾಗದಲ್ಲಿ ಒಂದೊಂದು ಥರ ಓಡುತ್ತೆ. ಅಲ್ಲೊಂದು ಸಮುದ್ರ ಬರುತ್ತೆ ಚಿನ್ಮಯ್, ಬಿರುಗಾಳಿ ಹೊತ್ತಲ್ಲಿ ಹಡಗುಗಳು ಹೊಡೆದಾಡ್ತಿರೋವಾಗ ಎಲ್ಲ ಹಾಗೇ ನಿಂತುಬಿಟ್ಟಿದೆ. ಎದ್ದ ಅಲೆ ಎದ್ದಂಗೇ, ಒಡೆದ ಹಲಗೆ ಗಾಳೀಲೇ. ಆ ಹಡಗಿಂದ ಈ ಹಡಗಿಗೆ ನೀನು ಹಾರ್ಕೊಂಡು ಹೋಗ್ಬೇಕು. ಅಲ್ಲಿ ನಾನು ಸುಮ್ನೆ ನಿಂತ್ಕೊಂಡು ನೋಡ್ತಾ ಇದ್ದೆ, ಮುಂದಕ್ಕೆ ಹೋಗೋಕೆ ಮನಸ್ಸಾಗ್ಲಿಲ್ಲ.

ಮತ್ತೆ ಆ ನೆರಳು! ಹಳೇದ್ರಲ್ಲಿ ಕನ್ನಡಿ ಒಡ್ಕೊಂಡು ಹಾರಿದ್ರೆ ಆ ಕಡೆಯಿಂದ ನಮ್ಮದೇ ನೆರಳು ಓಡಿ ಹೋಗುತ್ತಲ್ಲ, ನೆನಪಿದೆಯಾ ಅಣ್ಣಾ? ಆಮೇಲೆ ನಾವು ಕುಡೀಬೇಕಿದ್ದ ಔಷಧ ಅದು ಕುಡಿಯುತ್ತೆ, ಬಾಗಿಲು ಹಾಕುತ್ತೆ. ಕೊನೇಲಿ ಅದರ ಜೊತೆ ಕತ್ತಿ ಹಿಡಿದ್ರೆ, ಅದಕ್ಕೆ ಹೊಡೆದ ಏಟು ನಮಗೇ. ಕತ್ತಿ ಒರೆಗೆ ಹಾಕಿದ್ರೆ ಮಾತ್ರ ದಾರಿ. ಆ ಕಾಲದ ಕಂಪ್ಯೂಟರಲ್ಲಿ ಇನ್ನೊಬ್ಬ ಆಳನ್ನ ಹೊಸದಾಗಿ ಬಿಡಿಸೋಕೆ ಮೆಮೊರಿ ಸಾಲದೆ, ಹೀರೋನ ಚಿತ್ರಗಳನ್ನೇ ಸ್ವಲ್ಪ ಕಲಕಿ ಆ ನೆರಳು ಮಾಡಿದ್ದಂತೆ. ಹೊಸದ್ರಲ್ಲಿ ಸೀಮುರ್ಗ್ ಹಕ್ಕಿ ಕೊಡೋ ಶಕ್ತಿಗಳಲ್ಲಿ ಒಂದು ಹೀಗೇ ಇದೆ, ನಿಂತ ಕಡೆ ನಿನ್ನ ನೆರಳು ಬಿಟ್ಟು ಮುಂದಕ್ಕೆ ಹೋಗ್ಬೋದು, ಬೇಕಾದಾಗ ಒಂದು ಗುಂಡಿ ಒತ್ತಿದ್ರೆ ಅಲ್ಲಿಗೇ ವಾಪಸ್. ಬಾಗಿಲು ಮುಚ್ಚೋಕೆ ಮುಂಚೆ ಓಡೋ ಕಡೆ, ಮುಳ್ಳಿನ ಗೋಡೆ ಮಧ್ಯೆ, ಶತ್ರು ಬೆನ್ನ ಹಿಂದೆ, ಎಲ್ಲಾ ಕಡೆ ಉಪಯೋಗಕ್ಕೆ ಬರುತ್ತೆ. ಅಣ್ಣಾ, ಹೆಸರು ಮಾತ್ರ ಇಟ್ಕೊಂಡಿದ್ದಾರೆ ಅಂದ್ಯಲ್ಲ, ಇದನ್ನ ಆಡಿ ನೋಡಿ ಆಮೇಲೆ ಮಾತಾಡು. ಹಳೇದನ್ನ ಪ್ರೀತಿಯಿಂದ ಆಡಿದೋರಿಗೆ ಮಾತ್ರ ಹೊಳೆಯೋ ಕೆಲಸ ಅದು.

ಬೇಸರ ಅಂದ್ರೆ ನಡುವೆ ಸ್ವಲ್ಪ ಜಾಸ್ತಿ ಸುತ್ತಾಡಿಸ್ತಾರೆ. ಮ್ಯಾಪ್ ದೊಡ್ಡದು, ಬೀಗ ಇರೋ ಬಾಗಿಲು ನೋಡಿ, ಶಕ್ತಿ ಸಿಕ್ಕಿದ್ಮೇಲೆ ಮತ್ತೆ ಅಲ್ಲಿಗೇ ಬರ್ಬೇಕು. ಅದಕ್ಕೊಂದು ಒಳ್ಳೇ ಉಪಾಯ ಮಾಡಿದಾರೆ. ದಾಟೋಕಾಗದ ಜಾಗ ಬಂದ್ರೆ ಅಲ್ಲೇ ಒಂದು ಫೋಟೋ ತೆಗೆದ್ರೆ ಅದು ಮ್ಯಾಪಿಗೆ ಅಂಟ್ಕೊಳ್ಳುತ್ತೆ. ‘ಅಯ್ಯೋ ಇಲ್ಲೇನಿತ್ತಪ್ಪಾ’ ಅಂತ ತಲೆ ಕೆರ್ಕೊಳ್ಳೋದು ತಪ್ಪಿತು. ಎಲ್ಲಾ ಗೇಮಲ್ಲೂ ಇದು ಇರ್ಬೇಕಿತ್ತು.

ಮಾರಾಟದ ವಿಷಯ ಹೇಳೋಕೆ ಹೊಟ್ಟೆ ಉರಿಯುತ್ತೆ. ಆಡಿದೋರೆಲ್ಲ ಹೊಗಳಿದ್ರು, ತಗೊಂಡೋರು ಕಡಿಮೆ. 2024ರ ಅಕ್ಟೋಬರ್ ಹೊತ್ತಿಗೆ ಮಾಡಿದ ತಂಡಾನ ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಟ್ರು ಅಂತ ಸುದ್ದಿ ಬಂತು. ಈ ಕಡೆ ಸ್ಯಾಂಡ್ಸ್ ಆಫ್ ಟೈಮನ್ನ ಹೊಸದಾಗಿ ಮಾಡ್ತೀವಿ ಅಂತ 2020ರಲ್ಲಿ ಹೇಳಿದ್ರು, ಅದನ್ನ ಮಾಡ್ತಿದ್ದಿದ್ದು ನಮ್ಮ ಪುಣೆ, ಮುಂಬೈ ಸ್ಟುಡಿಯೋಗಳು! ನಾನೆಷ್ಟು ಕುಣಿದಿದ್ದೆ ಗೊತ್ತಾ. 2022ರಲ್ಲಿ ಅವರ ಕೈಯಿಂದ ತೆಗೆದು ಕೆನಡಾದ ಮಾಂಟ್ರಿಯಲ್ ಸ್ಟುಡಿಯೋಗೆ ಕೊಟ್ರು. ಜನ ಕಾಯ್ತಿದ್ದಿದ್ದು ಅದಕ್ಕೆ, ಕೈಗೆ ಸಿಕ್ಕಿದ್ದು ಇದು, ಅದಕ್ಕೇ ಇದರ ಮೇಲೆ ಸಿಟ್ಟು ತೀರಿಸ್ಕೊಂಡ್ರು ಅನ್ಸುತ್ತೆ ನನಗೆ.

ಸರಿ ಚಿನ್ಮಯ್, ತಗೋ. ಕಣ್ಣುಮುಚ್ಚಿ ತಗೋ ಅನ್ನಲ್ಲ, ಮೊದಲು ಡೆಮೋ ಇಳಿಸ್ಕೊಂಡು ಆಡು. 2025ರ ಏಪ್ರಿಲಲ್ಲಿ ಫೋನಿಗೂ ಬಂದಿದೆ, ಶುರುವಿನ ಭಾಗ ದುಡ್ಡಿಲ್ಲದೇ ಆಡ್ಬೋದು. ಆದ್ರೆ ಗಾಜಿನ ಮೇಲೆ ಬೆರಳಾಡಿಸ್ಕೊಂಡು ಆ ಹಳದಿ ಏಟು ತಡೆಯೋದು ನನ್ನ ಕೈಲಾಗಲ್ಲ, ಕಂಟ್ರೋಲರ್ ಇದ್ರೆ ಜೋಡಿಸ್ಕೋ. ಶುರುವಲ್ಲಿ ದಾರಿ ತೋರಿಸ್ಲಾ ಬೇಡ್ವಾ ಅಂತ ಕೇಳುತ್ತೆ, ಬೇಡ ಅನ್ನು. ಅಣ್ಣಾ, ನಿನಗೆ ಮಾತ್ರ ಒಂದು ಸೌಲಭ್ಯ ಇದೆ, ಸೆಟ್ಟಿಂಗ್ಸಲ್ಲಿ ಆನ್ ಮಾಡಿದ್ರೆ ಹಾರೋಕೆ ಕಷ್ಟ ಇರೋ ಕಡೆ ಒಂದು ಬಾಗಿಲು ತೆರ್ಕೊಂಡು ಆ ಕಡೆ ಬಿಡುತ್ತೆ. ಮೆಗಾಹಿಟ್ ಟೈಪ್ ಮಾಡೋ ಅಗತ್ಯಾನೂ ಇಲ್ಲ.